ಪುಣೆಯಲ್ಲಿ ದತ್ತು ಮತ್ತು ಪೋಷಕತ್ವ

ಮಕ್ಕಳಿಲ್ಲದ ದಂಪತಿ ಅನಾಥಾಲಯಕ್ಕೆ ಹೋಗಿ, ಸಾಲಾಗಿ ನಿಂತ ಮಕ್ಕಳಲ್ಲಿ ಮುದ್ದಾದ ಒಂದನ್ನು ಎತ್ತಿಕೊಂಡು ಬರುವ ದೃಶ್ಯ ಹಳೆಯ ಸಿನಿಮಾಗಳಲ್ಲಿ ಧಾರಾಳ. ಇಂದಿನ ಪುಣೆಯಲ್ಲಿ ಅದು ನಡೆಯದ ಮಾತು. ಮಗುವನ್ನು ನೋಡಿ ಆರಿಸುವ ಅವಕಾಶ ಕಾನೂನಿನಲ್ಲಿಲ್ಲ. ಹೆಸರು ಬರೆಸಿ ಸರದಿ ಕಾಯಬೇಕು. ದೇಶದಲ್ಲಿ ಹೀಗೆ ಕಾಯುತ್ತಿರುವ ಕುಟುಂಬಗಳು ಮೂವತ್ತು ಸಾವಿರಕ್ಕೂ ಹೆಚ್ಚು. 2024-25ರಲ್ಲಿ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ಎಲ್ಲರ ಬಾಯಲ್ಲಿರುವ ‘ಕಾರಾ’, ದಾಖಲಿಸಿದ ದತ್ತುಗಳು 4,515. ಹನ್ನೆರಡು ವರ್ಷಗಳಲ್ಲಿ ಅದೇ ಅತಿ ಹೆಚ್ಚು. ಆರೋಗ್ಯವಂತ ಹಸುಗೂಸೇ ಬೇಕೆಂದವರು ಸರಾಸರಿ ಮೂರೂವರೆ ವರ್ಷ ಕಾಯಬೇಕಾಗುತ್ತದೆ.

ಅನಾಥರು ಅಷ್ಟೊಂದು ಇರುವ ದೇಶದಲ್ಲಿ ಇದೇನು ವಿಚಿತ್ರ ಎಂದು ಕೇಳುವವರಿದ್ದಾರೆ. ಉತ್ತರ ಸರಳ. ಬಾಲಮಂದಿರಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಎಲ್ಲೋ ಒಂದು ಕಡೆ ಇದ್ದಾರೆ. ಅವರು ತಾವಾಗಿ ಒಪ್ಪಿಸದ ಹೊರತು ಅಂಥ ಮಕ್ಕಳನ್ನು ಕಾನೂನು ದತ್ತು ಕೊಡುವುದಿಲ್ಲ. ದತ್ತಿಗೆ ಮುಕ್ತ ಎಂದು ಮಕ್ಕಳ ಕಲ್ಯಾಣ ಸಮಿತಿ ಘೋಷಿಸಿದ ಮಕ್ಕಳು ಬೆರಳೆಣಿಕೆಯಷ್ಟು. ಅವರಲ್ಲೂ ಅರ್ಧಕ್ಕರ್ಧ ವಯಸ್ಸು ಮೀರಿದವರು, ಇಲ್ಲವೆ ಅಂಗವೈಕಲ್ಯವೋ ದೀರ್ಘ ಕಾಯಿಲೆಯೋ ಇರುವವರು. ಕ್ಯೂ ಉದ್ದವಾಗಿರುವುದು ಎರಡು ವರ್ಷದೊಳಗಿನ, ಏನೂ ತೊಂದರೆಯಿಲ್ಲದ ಕೂಸಿಗೆ ಮಾತ್ರ. ಏಳು ವರ್ಷದ ಅಣ್ಣ, ನಾಲ್ಕು ವರ್ಷದ ತಂಗಿ ಜೋಡಿಯಾಗಿ ಕಾಯುತ್ತಿರುವ ಕಡೆ ಕ್ಯೂ ಕಾಣುವುದೇ ಇಲ್ಲ.

ದತ್ತು ಪಡೆಯಲು ಹೊರಟ ಪುಣೆಯ ಕುಟುಂಬಕ್ಕೆ ಕಾಗದಪತ್ರಗಳು ಕಿರಿಕಿರಿ ಎನಿಸುವುದು ಸಹಜ. ಆದರೆ ಈ ಕಟ್ಟಳೆಗಳು ಸುಮ್ಮನೆ ಹುಟ್ಟಿದವಲ್ಲ. ಹೆಚ್ಚಿನವುಗಳ ಹಿಂದೆ ಒಂದು ಪ್ರಕರಣವೋ ಹಗರಣವೋ ತೀರ್ಪೋ ಇದೆ, ಅವುಗಳಲ್ಲಿ ಕೆಲವು ಪುಣೆಯ ನೆಲದವೇ.

ಹಳೆಯ ಕಾಲದಲ್ಲಿ ದತ್ತು ಎಂದರೆ ಮನೆತನದ ವಿಷಯ. ಪಿಂಡ ಇಡಲು, ಆಸ್ತಿ ನೋಡಿಕೊಳ್ಳಲು, ಗಾದಿ ಉಳಿಸಲು ದಾಯಾದಿಗಳ ಪೈಕಿ ಒಬ್ಬ ಗಂಡುಮಗನನ್ನು ತರುತ್ತಿದ್ದರು. ಕಿತ್ತೂರಿನ ಕಥೆ ಕನ್ನಡಿಗರಿಗೆ ಹೇಳಬೇಕಾಗಿಲ್ಲ: 1824ರಲ್ಲಿ ಶಿವಲಿಂಗಪ್ಪನ ದತ್ತನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪದೆ ಹೋದದ್ದೇ ಚೆನ್ನಮ್ಮನ ಯುದ್ಧಕ್ಕೆ ಕಿಡಿಯಾಯಿತು. ಪುಣೆ ಕಳೆದುಕೊಂಡು ಬಿಠೂರು ಸೇರಿದ ಎರಡನೇ ಬಾಜಿರಾಯ ದತ್ತು ತೆಗೆದುಕೊಂಡ ನಾನಾಸಾಹೇಬನಿಗೆ ಕಂಪನಿ ಪಿಂಚಣಿ ನಿರಾಕರಿಸಿತು; 1857ರಲ್ಲಿ ಅದರ ಫಲ ಕಾಣಿಸಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ಪಡೆದ ಬಾಲಕನಿಗೆ ಮಾನ್ಯತೆ ಸಿಗಲು ಎರಡು ವರ್ಷ ಹಿಡಿಯಿತು. ಈ ಮೂರೂ ಕಥೆಗಳಲ್ಲಿ ಮಗುವಿಗೆ ಏನು ಬೇಕಿತ್ತು ಎಂದು ಯಾರೂ ಕೇಳಿದ ದಾಖಲೆಯಿಲ್ಲ.

ಆ ಪ್ರಶ್ನೆ ಎದ್ದದ್ದು ಪುಣೆಯ ಫುಲೆ ದಂಪತಿಯ ಮನೆಯಲ್ಲಿ. 1863ರಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಅಲ್ಲಿ ಬಾಲಹತ್ಯಾ ಪ್ರತಿಬಂಧಕ ಗೃಹ ತೆರೆದರು. ಮೇಲ್ಜಾತಿಯ ವಿಧವೆಗೆ ಮರುಮದುವೆ ನಿಷಿದ್ಧವಾಗಿದ್ದ ಕಾಲ. ಮನೆಯ ಗಂಡಸರಿಂದಲೇ ಬಸಿರಾದವಳಿಗೆ ಉಳಿಯುತ್ತಿದ್ದದ್ದು ಬಾವಿ, ಇಲ್ಲವೆ ಹುಟ್ಟಿದ ಕೂಸಿನ ಕತ್ತು ಹಿಸುಕುವುದು. ಗುಟ್ಟಾಗಿ ಬಂದು ಹೆರಬಹುದು, ಬೇಕಿದ್ದರೆ ಮಗುವನ್ನು ಬಿಟ್ಟುಹೋಗಬಹುದು ಎಂಬ ಪ್ರಕಟಣೆಗಳು ಊರಿನಲ್ಲಿ ಅಂಟಿದವು. ಹೆತ್ತವಳ ಹೆಸರು ಗುಟ್ಟಾಗಿರಬೇಕು, ಮಗು ಬದುಕಬೇಕು ಎಂಬ ಈ ಎರಡು ಮಾತುಗಳೇ ಇಂದಿನ ಬಾಲನ್ಯಾಯ ಕಾಯ್ದೆಯಲ್ಲೂ ಇವೆ.

ಆ ಮನೆಗೆ ಬಂದ ಒಬ್ಬ ಬ್ರಾಹ್ಮಣ ವಿಧವೆಯ ಮಗನನ್ನು ಮಕ್ಕಳಿಲ್ಲದ ಫುಲೆ ದಂಪತಿ 1874ರಲ್ಲಿ ತಮ್ಮವನನ್ನಾಗಿ ಮಾಡಿಕೊಂಡರು. ಅವನೇ ಯಶವಂತ. ದತ್ತು ಮಗನ ಪಾಡು ಸಂಬಂಧಿಕರ ಕೈಯಲ್ಲಿ ಏನಾದೀತು ಎಂಬುದು ಜೋತಿಬಾಗೆ ಗೊತ್ತಿತ್ತು. 1887ರಲ್ಲಿ ಉಯಿಲು ಬರೆದು ಯಶವಂತನನ್ನೇ ಉತ್ತರಾಧಿಕಾರಿ ಮಾಡಿದರು. ಆದರೂ 1890ರ ನವೆಂಬರಿನಲ್ಲಿ ಅವರು ತೀರಿಕೊಂಡಾಗ, ದತ್ತುಮಗ ಮಡಕೆ ಹಿಡಿಯಕೂಡದೆಂದು ದಾಯಾದಿಗಳು ತಕರಾರು ತೆಗೆದರೆಂದೂ ಸಾವಿತ್ರಿಬಾಯಿ ತಾವೇ ಮಡಕೆ ಹಿಡಿದು ಮುಂದೆ ನಡೆದರೆಂದೂ ಅವರ ಜೀವನಚರಿತ್ರೆಗಳು ಹೇಳುತ್ತವೆ. ವೈದ್ಯನಾದ ಯಶವಂತ 1897ರ ಪ್ಲೇಗಿನಲ್ಲಿ ಹಡಪ್ಸರದ ಬಳಿ ಚಿಕಿತ್ಸಾಲಯ ನಡೆಸಿದ. ಮುಂಢ್ವಾದಿಂದ ರೋಗಪೀಡಿತ ಬಾಲಕನೊಬ್ಬನನ್ನು ಹೊತ್ತು ಅಲ್ಲಿಗೆ ತಂದ ಸಾವಿತ್ರಿಬಾಯಿಗೆ ಸೋಂಕು ತಗುಲಿ ಮಾರ್ಚ್ 10ರಂದು ಅವರು ತೀರಿಕೊಂಡರು.

ಅದೇ ದಶಕದಲ್ಲಿ ಪುಣೆ ಜಿಲ್ಲೆಯ ಕೇಡಗಾಂವ್ ಕಡೆಗೆ ಬರಗಾಲದಲ್ಲಿ ಹೆತ್ತವರನ್ನು ಕಳೆದುಕೊಂಡ ಹೆಣ್ಣುಮಕ್ಕಳು ನೂರಾರು ಸಂಖ್ಯೆಯಲ್ಲಿ ಬಂದರು. ಅವರನ್ನು ಕರೆತಂದವರು ಪಂಡಿತಾ ರಮಾಬಾಯಿ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಹದಿಹರೆಯದಲ್ಲೇ ಬರಗಾಲಕ್ಕೆ ಅಪ್ಪ ಅಮ್ಮನನ್ನು ಕಳೆದುಕೊಂಡಿದ್ದ ಅವರಿಗೆ ಹಸಿವು ಓದಿ ತಿಳಿದ ವಿಷಯವಾಗಿರಲಿಲ್ಲ. ಅವರು ಕಟ್ಟಿದ ಮುಕ್ತಿ ಮಿಷನ್ ಇಂದಿಗೂ ಅಲ್ಲೇ ಇದೆ.

ಇಂದಿನ ಸಂಸ್ಥೆಗಳ ಕಥೆ ಪುಣೆ ರೈಲ್ವೆ ನಿಲ್ದಾಣದ ಪಕ್ಕದ ಸಸೂನ್ ಆಸ್ಪತ್ರೆಯಿಂದ ಶುರುವಾಗುತ್ತದೆ. ಡೇವಿಡ್ ಸಸೂನ್ ಕೊಟ್ಟ ಹಣದಿಂದ 1867ರಲ್ಲಿ ತೆರೆದ ಈ ದೊಡ್ಡಾಸ್ಪತ್ರೆಯಲ್ಲಿ ಬಡ ರೋಗಿಗಳಿಗೆ ನೆರವಾಗಲು 1964ರಲ್ಲಿ ನಾಗರಿಕರು ಸೇರಿ ‘ಸೊಫೋಶ್’ ಎಂಬ ಸಂಸ್ಥೆ ಕಟ್ಟಿದರು. ಹೆರಿಗೆ ವಾರ್ಡಿನಲ್ಲಿ ಬಿಟ್ಟುಹೋದ ಕೂಸುಗಳು ಕಣ್ಣೆದುರಿಗೇ ಇದ್ದುದರಿಂದ 1970ರ ದಶಕದಲ್ಲಿ ಅದೇ ಸಂಸ್ಥೆ ‘ಶ್ರೀವತ್ಸ’ ಎಂಬ ಶಿಶುಗೃಹ ತೆರೆಯಿತು. 1979ರಲ್ಲಿ ಭಾರತೀಯ ಸಮಾಜ ಸೇವಾ ಕೇಂದ್ರ ಬಂತು. ದತ್ತು ಕೊಡುವುದರ ಜೊತೆಗೆ ಪೋಷಕರಿಗೆ ಸಲಹೆ, ದತ್ತಿನ ನಂತರದ ಭೇಟಿ ಇವನ್ನೆಲ್ಲ ವೃತ್ತಿಯಂತೆ ಮಾಡಿದ ಸಂಸ್ಥೆಗಳಿವು. ಮಹಾರಾಷ್ಟ್ರದ ಮಹಿಳಾ ಮತ್ತು ಬಾಲ ವಿಕಾಸ ಆಯುಕ್ತರ ಕಚೇರಿಯೂ ಮುಂಬಯಿಯಲ್ಲಿರದೆ ಪುಣೆಯಲ್ಲೇ ಇರುವುದರಿಂದ ಇಡೀ ರಾಜ್ಯದ ದತ್ತು ಆಡಳಿತಕ್ಕೆ ಈ ಊರೇ ಕೇಂದ್ರ.

ಶ್ರೀವತ್ಸದಿಂದ ಹೋದ ಒಂದು ಮಗುವನ್ನು ಕ್ರಿಕೆಟ್ ನೋಡುವವರೆಲ್ಲ ಬಲ್ಲರು. 1979ರ ಆಗಸ್ಟ್ 13ರಂದು ಹುಟ್ಟಿ, ಕೆಲವೇ ವಾರಗಳಲ್ಲಿ ಹರೇನ್ ಮತ್ತು ಸ್ಯೂ ಸ್ಥಳೇಕರ್ ದಂಪತಿಯ ಮಡಿಲು ಸೇರಿದ ಲೀಸಾ ಸ್ಥಳೇಕರ್ ಮುಂದೆ ಆಸ್ಟ್ರೇಲಿಯಾ ತಂಡವನ್ನು ಮುನ್ನಡೆಸಿದರು. ಏಕದಿನ ಪಂದ್ಯಗಳಲ್ಲಿ ಸಾವಿರ ರನ್ನೂ ನೂರು ವಿಕೆಟ್ಟೂ ಪಡೆದ ಮೊದಲ ಮಹಿಳೆ ಅವರೇ. ಸ್ಥಳೇಕರ್ ದಂಪತಿ ಹುಡುಕಿಕೊಂಡು ಬಂದದ್ದು ಗಂಡುಮಗುವನ್ನು. ಮನೆಯಲ್ಲಿ ಆಗಲೇ ದತ್ತು ಪಡೆದ ಮಗಳೊಬ್ಬಳಿದ್ದಳು. ಇಂದಿನ ಲೆಕ್ಕ ಇದಕ್ಕೆ ತಿರುಗುಮುರುಗು: ಕಾರಾ ದಾಖಲೆಗಳಲ್ಲಿ ವರ್ಷವರ್ಷವೂ ದತ್ತು ಹೋಗುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು.

ಸಿಂಧುತಾಯಿ ಸಪ್ಕಾಳರ ಹೆಸರನ್ನು ಬಿಟ್ಟು ಪುಣೆಯ ಅನಾಥ ಮಕ್ಕಳ ಮಾತು ಆಡಲಾಗದು. ಗಂಡನಿಂದ ಹೊರದೂಡಿಸಿಕೊಂಡು, ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಹಾಡಿ ಬೇಡಿ ಮಕ್ಕಳನ್ನು ಸಾಕಿದ ‘ಮಾಯಿ’ ತಮ್ಮ ಸ್ವಂತ ಮಗಳನ್ನು ಪುಣೆಯ ದಗಡೂಶೇಠ್ ಹಲವಾಯಿ ಟ್ರಸ್ಟಿಗೆ ಒಪ್ಪಿಸಿದರು. ಉಳಿದ ಮಕ್ಕಳಿಗೂ ಅವಳಿಗೂ ನಡುವೆ ಭೇದ ಬಾರದಿರಲಿ ಎಂಬುದು ಕಾರಣ. 2021ರಲ್ಲಿ ಪದ್ಮಶ್ರೀ ಪಡೆದ ಅವರು 2022ರ ಜನವರಿ 4ರಂದು ಪುಣೆಯಲ್ಲಿ ನಿಧನರಾದರು. ಅವರದು ದೊಡ್ಡ ಸಂಸಾರ, ನಿಜ. ಆದರೆ ಕಾನೂನಿನ ಅರ್ಥದಲ್ಲಿ ಅದು ದತ್ತಲ್ಲ. ಸಂಸ್ಥೆಯಲ್ಲಿ ಬೆಳೆದ ಮಗುವಿಗೆ ಆಶ್ರಯ ಸಿಗುತ್ತದೆ, ವಾರಸು ಹಕ್ಕು ಹುಟ್ಟುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ದೇಣಿಗೆ ಕೊಟ್ಟು ‘ಒಂದು ಮಗುವನ್ನು ದತ್ತು ಪಡೆದೆವು’ ಎನ್ನುವವರು ಬಹಳ. ಅದು ಪ್ರಾಯೋಜಕತ್ವ.

ಈಗ ಹಗರಣದ ಮಾತು. 1970-80ರ ದಶಕಗಳಲ್ಲಿ ಭಾರತದ ಮಕ್ಕಳು ಯುರೋಪು, ಅಮೆರಿಕಗಳಿಗೆ ಧಾರಾಳವಾಗಿ ದತ್ತು ಹೋದರು. ಕೆಲವೆಡೆ ಅದು ವ್ಯಾಪಾರವಾಗಿದೆ ಎಂದು ಲಕ್ಷ್ಮೀಕಾಂತ್ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಆ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿ 1984ರಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ಕಟ್ಟುನಿಟ್ಟಿನ ನಿಯಮ ಹಾಕಿತು: ಮೊದಲು ದೇಶದೊಳಗಿನ ಕುಟುಂಬ, ಆಮೇಲೆ ವಿದೇಶ. 1990ರಲ್ಲಿ ಕಾರಾ ಹುಟ್ಟಿತು. 2003ರಲ್ಲಿ ಭಾರತ ದೇಶದೇಶಗಳ ನಡುವಿನ ದತ್ತಿನ ಕುರಿತ ಹೇಗ್ ಒಪ್ಪಂದವನ್ನು ಅನುಮೋದಿಸಿತು. ಇಷ್ಟಾದರೂ ಮಗುವನ್ನು ಯಾರಿಗೆ ತೋರಿಸಬೇಕು ಎಂಬುದು ಸಂಸ್ಥೆಗಳ ಕೈಯಲ್ಲೇ ಉಳಿಯಿತು. ಪುಣೆಯ ಪ್ರೀತ್ ಮಂದಿರ ಎಂಬ ದತ್ತು ಸಂಸ್ಥೆಯ ಮೇಲೆ ಹಣಕ್ಕಾಗಿ ಮಕ್ಕಳನ್ನು ವಿದೇಶಕ್ಕೆ ಕಳುಹಿಸಿದ ಆರೋಪ ಬಂದು, ಬಾಂಬೆ ಹೈಕೋರ್ಟಿನ ಆದೇಶದ ಮೇರೆಗೆ 2010ರಲ್ಲಿ ಸಿಬಿಐ ತನಿಖೆಗೆ ಇಳಿಯಿತು. ಸಂಸ್ಥೆಯ ಮುಖ್ಯಸ್ಥರಿಗೆ ‘ಪರಿಚಯ’ ಇದ್ದವರು ಮುಂದೆ, ಇಲ್ಲದವರು ಹಿಂದೆ ಎಂಬ ಪದ್ಧತಿಗೆ ಕೊನೆ ಹಾಡಲು ಕಾರಾದ ‘ಕೇರಿಂಗ್ಸ್’ ಎಂಬ ಆನ್‌ಲೈನ್ ವ್ಯವಸ್ಥೆ ಬಂತು. 2015ರಿಂದ ದೇಶಕ್ಕೆಲ್ಲ ಒಂದೇ ಸರದಿ. ಇಂದಿನ ಕ್ಯೂ ಬಗ್ಗೆ ಗೊಣಗುವವರು ಅದಕ್ಕೆ ಮುಂಚಿನ ಕಾಲವನ್ನು ಒಮ್ಮೆ ನೆನೆಯಬೇಕು.

ಅರ್ಜಿ ಹಾಕಲು ಯಾರು ಅರ್ಹರು? ದಂಪತಿಯಾದರೆ ಕನಿಷ್ಠ ಎರಡು ವರ್ಷದ ಸ್ಥಿರ ದಾಂಪತ್ಯ, ಇಬ್ಬರ ಒಪ್ಪಿಗೆ. ಒಂಟಿ ಹೆಣ್ಣು ಯಾವ ಮಗುವನ್ನಾದರೂ ಪಡೆಯಬಹುದು. ಒಂಟಿ ಗಂಡಸಿಗೆ ಹೆಣ್ಣುಮಗು ಸಿಗದು. ಮಗುವಿಗೂ ಪೋಷಕರಿಗೂ ಕನಿಷ್ಠ 25 ವರ್ಷದ ಅಂತರ ಇರಬೇಕು. ಗಂಡ ಹೆಂಡತಿಯ ವಯಸ್ಸು ಕೂಡಿಸಿದ ಮೊತ್ತ 85 ದಾಟದಿದ್ದರೆ ಎರಡು ವರ್ಷದೊಳಗಿನ ಕೂಸು, 90ರವರೆಗೆ ನಾಲ್ಕು ವರ್ಷದೊಳಗಿನದು, 100ರವರೆಗೆ ಎಂಟರೊಳಗಿನದು, 110ರವರೆಗೆ ಹದಿನೆಂಟರೊಳಗಿನದು. ಒಂಟಿ ಪೋಷಕರಿಗೆ ಇದೇ ಕ್ರಮದಲ್ಲಿ 40, 45, 50, 55. ಮದುವೆಯಾಗಿ ಹದಿನೈದು ವರ್ಷ ಬಂಜೆತನದ ಚಿಕಿತ್ಸೆಗೆ ಸುರಿದು, ಕೊನೆಯಲ್ಲಿ ದತ್ತಿನ ಕಡೆ ತಿರುಗುವವರು ಈ ಲೆಕ್ಕದಲ್ಲೇ ಸಿಕ್ಕಿಬೀಳುತ್ತಾರೆ. ಗಂಡನಿಗೆ 45, ಹೆಂಡತಿಗೆ 41 ಎಂದರೆ ಮೊತ್ತ 86. ಹಸುಗೂಸಿನ ಬಾಗಿಲು ಮುಚ್ಚಿತು. ಆದ್ದರಿಂದ ಚಿಕಿತ್ಸೆ ನಡೆಯುತ್ತಿರುವಾಗಲೇ ಈ ವಿಚಾರ ಮನೆಯಲ್ಲಿ ಚರ್ಚೆಗೆ ಬರುವುದು ಒಳ್ಳೆಯದು. ಎರಡು ಅಥವಾ ಹೆಚ್ಚು ಮಕ್ಕಳಿರುವವರಿಗೆ 2022ರ ದತ್ತು ನಿಯಮಾವಳಿ ವಿಶೇಷ ಅಗತ್ಯದ ಅಥವಾ ಬೇಗ ಮನೆ ಸಿಗದ ಮಕ್ಕಳನ್ನು ಮಾತ್ರ ಕೊಡುತ್ತದೆ. ಸಂಬಂಧಿಕರ ಮಕ್ಕಳು, ಮಲಮಕ್ಕಳಿಗೆ ಈ ತಡೆಯಿಲ್ಲ.

ಧರ್ಮ ಅಡ್ಡಬರುವುದಿಲ್ಲ. ಹಿಂದೂ ದತ್ತು ಕಾಯ್ದೆಯ ಹೊರಗಿದ್ದವರು ಮೊದಲೆಲ್ಲ 1890ರ ಪಾಲಕತ್ವ ಕಾಯ್ದೆಯಡಿ ಬರೀ ‘ಗಾರ್ಡಿಯನ್’ ಆಗಬಹುದಿತ್ತು. ಬಾಲನ್ಯಾಯ ಕಾಯ್ದೆಯಡಿ ಯಾವ ಧರ್ಮದವರೂ ತಂದೆತಾಯಿಯೇ ಆಗಬಹುದು ಎಂಬುದನ್ನು 2014ರಲ್ಲಿ ಶಬ್ನಮ್ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ನೋಂದಣಿಯಾಗಿ ದಾಖಲೆ ಸೇರಿಸಿದ ಮೇಲೆ ಸಮಾಜ ಕಾರ್ಯಕರ್ತೆ ಮನೆಗೆ ಬರುತ್ತಾರೆ. ಇದಕ್ಕೆ ಗೃಹ ಅಧ್ಯಯನ ಎಂದು ಹೆಸರು. ಕೋಥ್ರೂಡಿನ ಫ್ಲ್ಯಾಟಾಗಲಿ ಪಿಂಪ್ರಿಯ ಚಾಳಾಗಲಿ, ಮನೆಯವರು ಹಿಂದಿನ ದಿನವೇ ಪರದೆ ಒಗೆದು, ಶೋಕೇಸ್ ಒರೆಸಿ, ಚಹಾದ ಜೊತೆಗೆ ಚಕ್ಕುಲಿ ಇಟ್ಟು ಕಾಯುತ್ತಾರೆ. ಬಂದವರ ಕಣ್ಣು ಪರದೆಯ ಮೇಲಿರುವುದಿಲ್ಲ. ಇಬ್ಬರೂ ಕೆಲಸಕ್ಕೆ ಹೋದರೆ ಮಗುವಿನ ಹತ್ತಿರ ಯಾರಿರುತ್ತಾರೆ? ಊರಿನಲ್ಲಿರುವ ಅತ್ತೆಮಾವನಿಗೆ ಹೇಳಿದ್ದೀರಾ? ಮಗು ಕಪ್ಪಗಿದ್ದರೆ? ನಾಳೆ ನಿಮ್ಮದೇ ಮಗು ಹುಟ್ಟಿದರೆ? ಗಂಡನನ್ನೂ ಹೆಂಡತಿಯನ್ನೂ ಬೇರೆಬೇರೆ ಕೂರಿಸಿ ಕೇಳುವುದೂ ಉಂಟು. ಒಬ್ಬರಿಗೆ ಆಸೆ, ಇನ್ನೊಬ್ಬರಿಗೆ ಬರೀ ಒಪ್ಪಿಗೆ ಎಂಬುದು ಹೊರಬೀಳುವುದು ಅಲ್ಲೇ. ಮೂಲೆಯಲ್ಲಿ ಕೂತ ಅಜ್ಜಿ ‘ಯಾವ ಜಾತೀದೋ ಏನೋ’ ಎಂದು ಗೊಣಗಿದರೆ ಅದೂ ಬರಹಕ್ಕೆ ಬರುತ್ತದೆ. ಹಾಗೆಂದು ಅರ್ಜಿ ಬಿದ್ದೇಹೋಗುವುದಿಲ್ಲ. ಆ ಅಜ್ಜಿಯೊಂದಿಗೆ ಇನ್ನೊಮ್ಮೆ ಮಾತಾಡಿ ಎನ್ನುವ ಸಲಹೆ ಸಿಗಬಹುದು, ಏಕೆಂದರೆ ನಾಳೆ ಮಗುವಿಗೆ ಆ ಮಾತು ಕೇಳಿಸುವುದು ಆ ಮೂಲೆಯಿಂದಲೇ. ಈ ವರದಿಗೆ ಮೂರು ವರ್ಷದ ಆಯಸ್ಸು. ಕ್ಯೂ ಅದಕ್ಕಿಂತ ಉದ್ದವಾದರೆ ಮತ್ತೆ ಮಾಡಿಸಬೇಕು.

ಸರದಿ ಬಂದ ದಿನ ಕೇರಿಂಗ್ಸ್‌ನಲ್ಲಿ ಒಂದು ಫೋಟೊ, ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿ ಕಾಣಿಸುತ್ತವೆ. ನಲವತ್ತೆಂಟು ಗಂಟೆಯಲ್ಲಿ ಹೂಂ ಅಥವಾ ಊಹೂಂ ಹೇಳಬೇಕು. ಫೋಟೊ ನೋಡಿ ಕಣ್ಣು ತುಂಬಿಕೊಂಡು ವೈದ್ಯಕೀಯ ವರದಿಯನ್ನು ತಿರುವಿಹಾಕದೆ ಒಪ್ಪಿಕೊಳ್ಳುವವರಿದ್ದಾರೆ. ಪರಿಚಯದ ಮಕ್ಕಳ ವೈದ್ಯರಿಗೆ ಅದನ್ನು ಅದೇ ದಿನ ತೋರಿಸುವುದು ಲೇಸು. ಹುಟ್ಟಿದ ತೂಕ, ತಲೆಯ ಸುತ್ತಳತೆ, ಕೂರುವುದು ನಿಲ್ಲುವುದು ಶುರುವಾದ ತಿಂಗಳು, ರಕ್ತಪರೀಕ್ಷೆ ಇವೆಲ್ಲ ಅದರಲ್ಲಿರುತ್ತವೆ. ಸಂಸ್ಥೆಯಲ್ಲಿ ಬೆಳೆದ ಕೂಸು ಒಂದೆರಡು ತಿಂಗಳು ಹಿಂದಿರುವುದು ಸಾಮಾನ್ಯ. ಮನೆಗೆ ಬಂದು ಎತ್ತಿ ಆಡಿಸುವವರು ಸಿಕ್ಕರೆ ಬೇಗ ಸರಿಹೋಗುತ್ತದೆ. ಸಂಸ್ಥೆಗೆ ಹೋಗಿ ಮಗುವನ್ನು ನೇರವಾಗಿ ನೋಡಿ ಒಪ್ಪಿದ ಮೇಲೆ, ಆದೇಶ ಬರುವ ಮೊದಲೇ, ದತ್ತುಪೂರ್ವ ಪೋಷಕತ್ವದಡಿ ಮನೆಗೆ ಕರೆತರಬಹುದು.

ಆದೇಶ ಕೊಡುತ್ತಿದ್ದದ್ದು ಮೊದಲು ನ್ಯಾಯಾಲಯ. ಬಾಲನ್ಯಾಯ ಕಾಯ್ದೆಯ 2021ರ ತಿದ್ದುಪಡಿ 2022ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದು ಆ ಅಧಿಕಾರ ಜಿಲ್ಲಾಧಿಕಾರಿಗೆ ಹೋಯಿತು. ಕೋರ್ಟುಗಳಲ್ಲಿ ಬಾಕಿ ಇದ್ದ ಅರ್ಜಿಗಳ ಗತಿಯೇನು ಎಂದು ಮಹಾರಾಷ್ಟ್ರದ ಪೋಷಕರು ಗಾಬರಿಯಾದಾಗ, ಅವನ್ನು ನ್ಯಾಯಾಲಯಗಳೇ ವಿಚಾರಿಸಲಿ ಎಂದು ಬಾಂಬೆ ಹೈಕೋರ್ಟ್ 2023ರ ಜನವರಿಯಲ್ಲಿ ಮಧ್ಯಂತರ ಆದೇಶ ಕೊಟ್ಟಿತು. ಆದೇಶದ ಆಧಾರದ ಮೇಲೆ ಹೊಸ ಪೋಷಕರ ಹೆಸರಿರುವ ಜನನ ಪತ್ರ ಸಿಗುತ್ತದೆ. ಎರಡು ವರ್ಷ ಆರಾರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತರ ಭೇಟಿ ಇರುತ್ತದೆ.

ದುಡ್ಡಿನ ವಿಷಯ ಚುಟುಕಾಗಿ: ಶುಲ್ಕ ನಿಯಮದಲ್ಲೇ ನಿಗದಿಯಾಗಿದೆ, ಅದರ ಮೇಲೆ ಒಂದು ರೂಪಾಯಿ ಕೇಳಿದರೂ ದೂರು ಕೊಡಬೇಕು. ‘ನರ್ಸಿಂಗ್ ಹೋಮಿನಲ್ಲಿ ಒಂದು ಮಗು ಇದೆ, ಇಂದೇ ಒಯ್ಯಿರಿ’ ಎಂಬ ಕರೆ ಬಂದರೆ ಫೋನ್ ಇಟ್ಟುಬಿಡಬೇಕು. ಮಗುವನ್ನು ಮಾರುವುದಕ್ಕೂ ಕೊಳ್ಳುವುದಕ್ಕೂ ಬಾಲನ್ಯಾಯ ಕಾಯ್ದೆಯ 81ನೇ ಕಲಮಿನಡಿ ಐದು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ದಂಡ. ಆಸ್ಪತ್ರೆಯವರೇ ಭಾಗಿಯಾದರೆ ಮೂರರಿಂದ ಏಳು ವರ್ಷ. ಹೆತ್ತ ತಾಯಿ ತಾನಾಗಿ ಕೊಟ್ಟರೂ ಅದು ಸಮಿತಿಯ ಮುಂದೆಯೇ ಆಗಬೇಕು. ಮನಸ್ಸು ಬದಲಾಯಿಸಲು ಅವಳಿಗೆ ಎರಡು ತಿಂಗಳ ಕಾಲಾವಕಾಶವಿದೆ. ಕಾಯುವ ಪೋಷಕರಿಗೆ ಆ ಎರಡು ತಿಂಗಳು ದಂಡ ಎನಿಸಬಹುದು, ಅವಳಿಗೆ ಅದು ಕಟ್ಟಕಡೆಯ ಅವಕಾಶ.

ಈ ಕಾಲಾವಧಿ ಇನ್ನೊಂದು ಕಡೆ ತೊಡಕಾಯಿತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ದತ್ತು ತಾಯಿಗೆ 12 ವಾರದ ರಜೆ ಕೊಟ್ಟಿತು, ಆದರೆ ಮಗು ಮೂರು ತಿಂಗಳೊಳಗಿನದಾದರೆ ಮಾತ್ರ. ದತ್ತಿಗೆ ಮುಕ್ತವೆಂಬ ಘೋಷಣೆಯಾಗುವಷ್ಟರಲ್ಲೇ ಎರಡು ತಿಂಗಳು ಕಳೆದಿರುತ್ತದೆ. ಮನೆ ತಲುಪುವ ಹೊತ್ತಿಗೆ ಮೂರು ತಿಂಗಳು ದಾಟದ ಮಗು ಅಪರೂಪ. ಈ ಮಿತಿಯನ್ನು ಪ್ರಶ್ನಿಸಿ ಬೆಂಗಳೂರಿನ ದತ್ತು ತಾಯಿಯೊಬ್ಬರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಕೇಂದ್ರ ಸರ್ಕಾರಿ ನೌಕರಿಯಲ್ಲಿರುವ ಹೆಂಗಸರಿಗೆ ಒಂದು ವರ್ಷದೊಳಗಿನ ಮಗುವಿಗೆ 180 ದಿನದ ರಜೆ ಇದೆ.

ಪುಣೆಯ ಅನೇಕ ಕನ್ನಡ ಕುಟುಂಬಗಳು ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯ ನಂಟು ಉಳಿಸಿಕೊಂಡವು. ಅಣ್ಣನ ಮಗನನ್ನೋ ತಂಗಿಯ ಮಗಳನ್ನೋ ಮನೆಯಲ್ಲಿ ಇಟ್ಟುಕೊಂಡು ಬೆಳೆಸುವುದು ಆ ಸೀಮೆಯ ರೂಢಿ. ಹಾಗೆ ಸಾಕಿದ ಮಾತ್ರಕ್ಕೆ ಆಸ್ತಿಯಲ್ಲಿ ಹಕ್ಕು ಬಾರದು. 1956ರ ಹಿಂದೂ ದತ್ತು ಮತ್ತು ಜೀವನಾಂಶ ಕಾಯ್ದೆಯಡಿ ಕೊಟ್ಟು ತೆಗೆದುಕೊಳ್ಳುವ ಕ್ರಿಯೆ ನಡೆದಿರಬೇಕು. ದತ್ತಹೋಮ ಕಡ್ಡಾಯವಲ್ಲ, ಆದರೆ ನೋಂದಾಯಿತ ಪತ್ರವಿದ್ದರೆ ಕೋರ್ಟು ಅದನ್ನು ನಂಬುತ್ತದೆ. ಮಗುವಿಗೆ ಹದಿನೈದು ತುಂಬಿರಬಾರದು, ಮದುವೆಯಾಗಿರಬಾರದು. ಮನೆಯಲ್ಲಿ ಮಗನಿದ್ದರೆ ಇನ್ನೊಬ್ಬ ಮಗನನ್ನು, ಮಗಳಿದ್ದರೆ ಇನ್ನೊಬ್ಬ ಮಗಳನ್ನು ಈ ಕಾಯ್ದೆಯಡಿ ಪಡೆಯಲಾಗದು. ಅಂಥವರು ಬಾಲನ್ಯಾಯ ಕಾಯ್ದೆಯ ಸಂಬಂಧಿಕರ ದತ್ತಿನ ದಾರಿ ಹಿಡಿಯಬಹುದು.

ಪೋಷಕತ್ವದ ಸ್ವರೂಪವೇ ಬೇರೆ. ತಾಯಿ ಜೈಲಿನಲ್ಲಿದ್ದಾಳೆ, ತಂದೆ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಾನೆ, ಇಲ್ಲವೆ ಮಗು ದತ್ತಿಗೆ ಮುಕ್ತವಾಗಿಯೂ ವರ್ಷಗಟ್ಟಲೆ ಯಾರೂ ಬರಲಿಲ್ಲ: ಇಂಥ ಮಗುವನ್ನು ಒಂದು ಮನೆಯಲ್ಲಿ ಕೆಲವು ಕಾಲ ಬೆಳೆಸುವುದು. ಹೆಸರು ಬದಲಾಗದು, ವಾರಸು ಇಲ್ಲ, ಹೆತ್ತವರು ಭೇಟಿಗೆ ಬರಬಹುದು, ಒಂದು ದಿನ ಮಗು ಹಿಂತಿರುಗಿಯೂ ಹೋಗಬಹುದು. ಆರು ವರ್ಷ ದಾಟಿದ ಮಕ್ಕಳನ್ನು ಹೀಗೆ ಒಪ್ಪಿಸುತ್ತಾರೆ. 2024ರ ಮಾದರಿ ಮಾರ್ಗಸೂಚಿ 35ರಿಂದ 60 ವರ್ಷದ ಒಂಟಿಯವರಿಗೂ, ವಿಧವೆ, ವಿಚ್ಛೇದಿತರಿಗೂ ಅವಕಾಶ ಕೊಟ್ಟಿತು. ಹೀಗೆ ಸಾಕಿದ ಮಗುವನ್ನು ದತ್ತು ಪಡೆಯಲು ಮೊದಲು ಐದು ವರ್ಷ ಪೋಷಿಸಿರಬೇಕಿತ್ತು. ಈಗ ಎರಡು ವರ್ಷ ಸಾಕು. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಮಹಾರಾಷ್ಟ್ರದ್ದೇ ಆದ ಬಾಲಸಂಗೋಪನ ಯೋಜನೆಗೆ ಈಗ ಕ್ರಾಂತಿಜ್ಯೋತಿ ಸಾವಿತ್ರಿಬಾಯಿ ಫುಲೆ ಅವರ ಹೆಸರು; ತಿಂಗಳಿಗೆ 2,250 ರೂಪಾಯಿ. ಕೋವಿಡ್‌ನಲ್ಲಿ ಹೆತ್ತವರನ್ನು ಕಳೆದುಕೊಂಡ ಎಷ್ಟೋ ಮಕ್ಕಳು ಅಜ್ಜಿ, ಸೋದರಮಾವನ ಮನೆಯಲ್ಲಿ ಉಳಿಯಲು ಇದೇ ಯೋಜನೆ ನೆರವಾಯಿತು. ಹೊರಗಿನ ಮಗುವನ್ನು ಹೀಗೆ ತಂದು ಸಾಕುವ ಕುಟುಂಬಗಳು ಮಾತ್ರ ಇನ್ನೂ ವಿರಳ. ‘ಕೊನೆಗೆ ಕಳುಹಿಸಬೇಕಲ್ಲ’ ಎಂಬ ಅಳುಕು ಅರ್ಥವಾಗುವಂಥದ್ದೇ. ಆ ಅಳುಕು ದೊಡ್ಡದಾಗಿರುವವರು ಪೋಷಕತ್ವವನ್ನು ದತ್ತಿನ ಅಡ್ಡದಾರಿ ಎಂದು ಭಾವಿಸಿ ಒಳಬರದಿರುವುದೇ ಮಗುವಿಗೆ ಕ್ಷೇಮ.

ದೊಡ್ಡ ಮಕ್ಕಳ ವಿಷಯದಲ್ಲಿ ಕೈಪಿಡಿಗಳು ಹೇಳದ ಸಂಗತಿಗಳು ಮನೆಗೆ ಬಂದ ಮೊದಲ ವಾರದಲ್ಲೇ ಎದುರಾಗುತ್ತವೆ. ದಿಂಬಿನ ಕೆಳಗೆ ಎರಡು ಚಪಾತಿ ಸುತ್ತಿಟ್ಟಿರುವುದು ಸಿಗುತ್ತದೆ. ಬೈಯುವ ವಿಷಯವಲ್ಲ ಅದು. ಊಟ ಹೊತ್ತಿಗೆ ಸರಿಯಾಗಿ ಬರುತ್ತದೆ ಎಂಬ ನಂಬಿಕೆ ಹುಟ್ಟಿದ ಮೇಲೆ ತಾನಾಗಿ ನಿಲ್ಲುತ್ತದೆ. ಹತ್ತು ಮಕ್ಕಳ ನಡುವೆ ಮಲಗಿ ಅಭ್ಯಾಸವಾದವಳಿಗೆ ಪ್ರೀತಿಯಿಂದ ಬಣ್ಣ ಬಳಿಸಿದ ಪ್ರತ್ಯೇಕ ಕೋಣೆ ಭಯ ಹುಟ್ಟಿಸುತ್ತದೆ. ಮೊದಲ ತಿಂಗಳು ಮಗು ತೀರ ಒಳ್ಳೆಯದಾಗಿರುತ್ತದೆ, ಆಮೇಲೆ ಹಟ, ಸುಳ್ಳು, ಒಡೆದುಹಾಕುವುದು. ಇಲ್ಲಿಂದಲೂ ಕಳುಹಿಸಿಬಿಡುತ್ತಾರೋ ಎಂದು ಮಗು ಪರೀಕ್ಷಿಸುವ ಬಗೆ ಅದು. ದತ್ತು ಪಡೆದ ಮಕ್ಕಳನ್ನು ಸಂಸ್ಥೆಗೆ ಹಿಂದಿರುಗಿಸಿದ ಪ್ರಕರಣಗಳಲ್ಲಿ ಹೆಚ್ಚಿನವು ಈ ಹಂತದವು ಮತ್ತು ಈ ವಯಸ್ಸಿನ ಮಕ್ಕಳವು.

ಕನ್ನಡ ಮನೆಗೆ ಇನ್ನೊಂದು ಸಣ್ಣ ತೊಡಕಿದೆ. ಲಾತೂರಿನಿಂದಲೋ ನಾಂದೇಡಿನಿಂದಲೋ ಬಂದ ಐದು ವರ್ಷದ ಹುಡುಗನಿಗೆ ಮರಾಠಿ ಬಿಟ್ಟು ಬೇರೆ ಗೊತ್ತಿಲ್ಲ. ಮನೆಯಲ್ಲಿ ಎಲ್ಲರೂ ಕನ್ನಡದಲ್ಲಿ ಮಾತಾಡಿಕೊಂಡು ನಕ್ಕರೆ ತನ್ನನ್ನೇ ನೋಡಿ ನಕ್ಕರೆಂದು ಅವನು ತಿಳಿಯುತ್ತಾನೆ. ಅಪ್ಪ ಅಮ್ಮನಿಗೆ ಮರಾಠಿ ಹೇಗೂ ಬರುತ್ತದೆ. ಆರು ತಿಂಗಳು ಅದರಲ್ಲೇ ಮಾತಾಡಿ, ಕನ್ನಡವನ್ನು ಅಜ್ಜಿಯ ಕಥೆ, ಊಟದ ತಟ್ಟೆಯ ಮೂಲಕ ನಿಧಾನವಾಗಿ ಬರಗೊಡಬಹುದು.

ಪುಣೆಯಲ್ಲಿ ಕೆಲಸದಲ್ಲಿದ್ದ, ಮದುವೆಯಾಗಿರದ ಇಂದೋರಿನ ಯುವ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಡೌನ್ ಸಿಂಡ್ರೋಮ್ ಇದ್ದ ಕೂಸಿಗಾಗಿ ಕಚೇರಿ ಕಚೇರಿ ಅಲೆದದ್ದು ಸುದ್ದಿಯಾಗಿತ್ತು. ಒಂಟಿ ಪೋಷಕರಿಗೆ ಆಗ ಮೂವತ್ತು ತುಂಬಿರಬೇಕಿತ್ತು. ನಿಯಮ ಸಡಿಲಗೊಂಡು 2016ರ ಜನವರಿ 1ರಂದು ಮಗು ಅವರ ಕೈ ಸೇರಿತು. ವಿಶೇಷ ಅಗತ್ಯದ ಮಕ್ಕಳಿಗೆ ಸರದಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಈ ವರ್ಗದಲ್ಲಿ ತಿದ್ದಬಹುದಾದ ಸೀಳುತುಟಿಯಿಂದ ಹಿಡಿದು ಜೀವನಪೂರ್ತಿ ಆರೈಕೆ ಬೇಕಾದ ಸ್ಥಿತಿಯವರೆಗೆ ಎಲ್ಲವೂ ಸೇರಿರುತ್ತವೆ. ಪಟ್ಟಿಯನ್ನು ವೈದ್ಯರ ಜೊತೆ ಕೂತು ನೋಡಿದರೆ, ದೂರದಿಂದ ಹೆದರಿಸಿದ ಎಷ್ಟೋ ಹೆಸರುಗಳು ಒಂದು ಶಸ್ತ್ರಚಿಕಿತ್ಸೆಯ ಮಾತಾಗಿರುವುದು ತಿಳಿಯುತ್ತದೆ.

ಮಗುವಿಗೆ ಯಾವಾಗ ಹೇಳುವುದು ಎಂಬ ಪ್ರಶ್ನೆಗೆ ಸಲಹೆಗಾರರ ಉತ್ತರ ಒಂದೇ: ನೆನಪು ನಿಲ್ಲುವುದಕ್ಕೆ ಮುಂಚಿನಿಂದ. ಮೂರು ವರ್ಷದ ಮಗುವಿಗೆ ತಾನು ಮನೆಗೆ ಬಂದ ದಿನದ ಕಥೆ ನೂರು ಸಲ ಕೇಳಿದರೂ ಸಾಲದು. ಅದನ್ನೇ ಹದಿನಾಲ್ಕನೆಯ ವಯಸ್ಸಿನಲ್ಲಿ ನೆರೆಮನೆಯವರ ಬಾಯಿಂದ ಕೇಳಿದರೆ ಮನೆಯವರ ಬೇರೆ ಮಾತುಗಳ ಮೇಲೂ ಅನುಮಾನ ಹುಟ್ಟುತ್ತದೆ. ಲೀಸಾ ಸ್ಥಳೇಕರ್ 2012ರಲ್ಲಿ ಶ್ರೀವತ್ಸಕ್ಕೆ ಬಂದು ತಾವಿದ್ದ ಜಾಗ ನೋಡಿ ಹೋದರು. ಪುಣೆಯಿಂದ ಜರ್ಮನಿಗೆ ದತ್ತು ಹೋಗಿದ್ದ ಅರುಣ್ ಡೋಲೆ ಅವರಿಗೆ ಅಷ್ಟು ಸುಲಭವಾಗಲಿಲ್ಲ. ತಮ್ಮದೇ ಕಡತವನ್ನು ನೋಡಲು ಭಾರತದ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ಹೋರಾಡಬೇಕಾಯಿತು. ಈಗಿನ ನಿಯಮಾವಳಿಯಲ್ಲಿ ಮೂಲ ಹುಡುಕುವುದಕ್ಕೆಂದೇ ಅವಕಾಶವಿದೆ. ಹದಿನೆಂಟು ತುಂಬಿದವರು ತಾವಾಗಿಯೇ ಅರ್ಜಿ ಹಾಕಬಹುದು, ಅದಕ್ಕಿಂತ ಚಿಕ್ಕವರು ಪೋಷಕರ ಜೊತೆಗೂಡಿ. ಹೆತ್ತವಳು ಸಮಿತಿಯ ಮುಂದೆ ಒಪ್ಪಿಸಿಹೋದ ಮಗುವಾದರೆ ಅವಳ ಒಪ್ಪಿಗೆಯಿಲ್ಲದೆ ಅವಳ ಗುರುತು ಹೇಳುವಂತಿಲ್ಲ. ಆಗ ಮಗನಿಗೋ ಮಗಳಿಗೋ ಸಿಗುವುದು ಸಂಸ್ಥೆಯ ಹೆಸರು, ಬಂದ ದಿನಾಂಕ, ಅಂದಿನ ವೈದ್ಯಕೀಯ ವಿವರ ಇಷ್ಟೇ ಆಗಿರಬಹುದು. ಹೀಗಾಗಿ ದತ್ತಿನ ದಿನ ಸಂಸ್ಥೆ ಕೈಗೆ ಕೊಟ್ಟ ಅಧ್ಯಯನ ವರದಿ, ಲಸಿಕೆ ಕಾರ್ಡು, ಮೊದಲ ಫೋಟೊಗಳ ಪ್ರತಿಗಳನ್ನು ಮನೆಯ ಆಸ್ತಿಪತ್ರಗಳಿರುವ ಪೆಟ್ಟಿಗೆಯಲ್ಲೇ ಇಡುವಂತೆ ಸಮಾಜ ಕಾರ್ಯಕರ್ತರು ಹೇಳುತ್ತಾರೆ.